ಅನಿಮೆಯಲ್ಲಿ ಸಿಜಿ: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಎಡವುತ್ತದೆ

ಆಸ್ಟ್ರೋ ಬಾಯ್‌ನ ತಲೆಗೂದಲನ್ನು ಒಮ್ಮೆ ಗಮನ ಇಟ್ಟು ನೋಡಿ. ಒಸಾಮು ತೆಜುಕಾ ಅವರ ಈ ಪುಟ್ಟ ರೋಬೋ ಹುಡುಗನ ಕೂದಲು ಎರಡು ಕಡೆ ಕೊಂಬಿನ ಹಾಗೆ ಚೂಪಾಗಿ ನಿಂತಿರುತ್ತದೆ. ಅವನು ಎದುರಿಗೆ ನಿಂತಾಗ ಎರಡೂ ಕೊಂಬು ಕಾಣುತ್ತವೆ. ಪಕ್ಕಕ್ಕೆ ತಿರುಗಿದರೂ ಎರಡೂ ಕಾಣುತ್ತವೆ. ನಿಜವಾದ ತಲೆಯ ಮೇಲೆ ಇದು ಆಗುವ ಮಾತಲ್ಲ. ತಲೆ ತಿರುಗಿದರೆ ಒಂದು ಕೊಂಬು ಎಲ್ಲೋ ಒಂದು ಕಡೆ ಇನ್ನೊಂದರ ಹಿಂದೆ ಮರೆಯಾಗಲೇಬೇಕು. ಆದರೆ ತೆಜುಕಾಗೆ ಮುಖ್ಯವಾಗಿದ್ದು ಆ ಹುಡುಗನ ಗುರುತು. ಬರೀ ನೆರಳು ಕಂಡರೂ ಇವನೇ ಅಂತ ಗೊತ್ತಾಗಬೇಕು. ಹಾಗಾಗಿ ಯಾವ ಕೋನದಿಂದ ಬರೆದರೂ ಎರಡು ಕೊಂಬು. 1963ರಲ್ಲಿ ಈ ಸರಣಿ ಜಪಾನಿನ ಟಿವಿಗೆ ಬಂತು. ಇವತ್ತು ನೋಡಿದರೂ ಅದು ತಪ್ಪು ಅಂತ ಕಣ್ಣಿಗೆ ಹೊಳೆಯುವುದೇ ಇಲ್ಲ.

ಈಗ ಇದೇ ತಲೆಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೀರಿ ಅಂದುಕೊಳ್ಳಿ. ಒಂದು ಗುಂಡು ತಲೆ, ಅದರ ಮೇಲೆ ಎರಡು ಕೊಂಬು. ಎದುರಿನಿಂದ ಸೊಗಸಾಗಿದೆ. ಸ್ವಲ್ಪ ತಿರುಗಿಸಿ. ಕೊಂಬುಗಳ ನಡುವಿನ ಅಂತರ ಕಿರಿದಾಯಿತು. ಇನ್ನಷ್ಟು ತಿರುಗಿಸಿ. ಎರಡೂ ಒಂದರ ಮೇಲೊಂದು ಬಂದು, ಒಂದೇ ದಪ್ಪ ಮುದ್ದೆ ಕಾಣುತ್ತಿದೆ. ಕಂಪ್ಯೂಟರ್ ಲೆಕ್ಕ ಒಂದಿಷ್ಟೂ ತಪ್ಪಿಲ್ಲ. ಆದರೆ ಹುಡುಗನ ಗುರುತೇ ಹೋಯಿತು.

ಅನಿಮೆಯಲ್ಲಿ, ಅಂದರೆ ಜಪಾನಿನ ಆ್ಯನಿಮೇಷನ್‌ನಲ್ಲಿ, ಸಿಜಿ (ಕಂಪ್ಯೂಟರ್ ಗ್ರಾಫಿಕ್ಸ್) ಬೇಕೋ ಬೇಡವೋ ಅನ್ನುವ ಜಗಳ ಹತ್ತಿಪ್ಪತ್ತು ವರ್ಷದಿಂದ ನಡೆದೇ ಇದೆ. ಹೊಸ ಸರಣಿಯ ಟ್ರೇಲರ್ ಬಂದ ತಕ್ಷಣ "ಅಯ್ಯೋ, ಸಿಜಿನಾ? ಹಾಗಾದ್ರೆ ನಾನು ನೋಡಲ್ಲ" ಅನ್ನುವವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರ ಬೇಸರಕ್ಕೆ ಕಾರಣ ಇದೆ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಆ ಕಾರಣ ಯಂತ್ರದಲ್ಲಿಲ್ಲ. ಕೈಯಲ್ಲಿ ಬರೆದ ಅನಿಮೆ ಬೆಳೆದದ್ದೇ ಚಂದದ ಸುಳ್ಳುಗಳ ಮೇಲೆ. ಸಿಜಿ ತನ್ನಷ್ಟಕ್ಕೆ ಬಿಟ್ಟರೆ ನಿಜ ಮಾತ್ರ ಹೇಳುತ್ತದೆ. ಆ ನಿಜ ಯಾವ ಜಾಗದಲ್ಲಿ ಬೇಕು, ಯಾವ ಜಾಗದಲ್ಲಿ ಬೇಡ ಅಂತ ತಿಳಿದವರ ಕೈಯಲ್ಲಿ ಸಿಜಿ ಗೆದ್ದಿದೆ. ತಿಳಿಯದೇ ಹೋದ ಕಡೆ ಸೋತಿದೆ.

ಮೊದಲು, ಸಿಜಿ ಅಂದರೆ ಯಾವುದು?

ಇಲ್ಲೊಂದು ಗೊಂದಲ ಇದೆ, ಬಿಡಿಸಿಕೊಂಡು ಮುಂದೆ ಹೋಗೋಣ. ಇವತ್ತು ಕಂಪ್ಯೂಟರ್ ಮುಟ್ಟದ ಅನಿಮೆ ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಿಂದೆ ಪಾರದರ್ಶಕ ಹಾಳೆಯ ಮೇಲೆ ಚಿತ್ರ ಇಳಿಸಿ, ಹಿಂದುಗಡೆಯಿಂದ ಬಣ್ಣ ಹಚ್ಚಿ, ಹಿನ್ನೆಲೆಯ ಮೇಲೆ ಇಟ್ಟು ಒಂದೊಂದೇ ಫ್ರೇಮ್ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರು. ಆ ಹಾಳೆಗೆ ಸೆಲ್ ಅನ್ನುತ್ತಾರೆ. ಜಪಾನಿನ ಯುಗೋ ಸಾಕೋ ಮತ್ತು ನಮ್ಮ ರಾಮ್ ಮೋಹನ್ ಸೇರಿ 1990ರ ದಶಕದ ಆರಂಭದಲ್ಲಿ ಮಾಡಿದ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಟಿವಿಯಲ್ಲಿ ನೋಡಿದ ನೆನಪು ಹಲವರಿಗೆ ಇರಬಹುದು. ಅದು ಇಡೀ ಸೆಲ್ ಕೆಲಸ. ಅದೇ ದಶಕದ ಕೊನೆಯ ಹೊತ್ತಿಗೆ ಸ್ಟುಡಿಯೋಗಳು ಬಣ್ಣ ಹಚ್ಚುವ ಕೆಲಸವನ್ನು ಕಂಪ್ಯೂಟರಿಗೆ ಬದಲಾಯಿಸಿದವು. ಟಿವಿಯಲ್ಲಿ ಕೊನೆಯವರೆಗೂ ಸೆಲ್ ಬಿಡದ 'ಸಜಾಎ-ಸಾನ್' ಕೂಡ 2013ರಲ್ಲಿ ಬದಲಾಯಿತು.

ಆದರೆ ಕೈಯಲ್ಲಿ ಬರೆದ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರೆ ಅದನ್ನು ಯಾರೂ ಸಿಜಿ ಅಂತ ಬೈಯುವುದಿಲ್ಲ. ಬೈಗುಳ ಬೀಳುವುದು 3ಡಿ ಮಾದರಿಗೆ. ಪಾತ್ರದ ಗೊಂಬೆಯನ್ನು ಕಂಪ್ಯೂಟರಿನಲ್ಲಿ ಒಮ್ಮೆ ಕಟ್ಟುತ್ತಾರೆ. ಅದರೊಳಗೆ ಮೂಳೆ ಕೀಲುಗಳನ್ನು ಕೂರಿಸುತ್ತಾರೆ, ಇದಕ್ಕೆ ರಿಗ್ ಅನ್ನುತ್ತಾರೆ. ಆಮೇಲೆ ಆ ಕೀಲುಗಳನ್ನು ತಿರುಗಿಸಿ ಆಡಿಸುತ್ತಾರೆ. ಪ್ರತಿ ಚಲನೆಗೂ ಹೊಸದಾಗಿ ಚಿತ್ರ ಬರೆಯುವ ಕೆಲಸ ಇಲ್ಲ. ಈ ಲೇಖನದಲ್ಲಿ ಸಿಜಿ ಅಂದಾಗಲೆಲ್ಲ ಇದೇ ಅರ್ಥ.

ಇದು ಹೊಸದೇನೂ ಅಲ್ಲ. 1983ರ 'ಗೋಲ್ಗೋ 13' ಸಿನಿಮಾದಲ್ಲೇ ಕಂಪ್ಯೂಟರಿನಲ್ಲಿ ಮಾಡಿದ ಹೆಲಿಕಾಪ್ಟರ್ ದೃಶ್ಯ ಇದೆ. 1997ರ 'ಪ್ರಿನ್ಸೆಸ್ ಮೊನೊನೊಕೆ'ಯಲ್ಲಿ ಕೈಚಿತ್ರಕ್ಕೇ ಹೆಸರಾದ ಹಯಾವೊ ಮಿಯಾಜಾಕಿ ಅವರೂ ಕೆಲವು ನಿಮಿಷಗಳಷ್ಟು ಸಿಜಿ ಬಳಸಿದ್ದಾರೆ. 1998ರ 'ಇನಿಶಿಯಲ್ ಡಿ'ಯಲ್ಲಿ ಘಾಟ್ ರಸ್ತೆಯಲ್ಲಿ ನುಗ್ಗುವ ಕಾರುಗಳೆಲ್ಲ ಸಿಜಿ. ಇವತ್ತಿನ ಕಣ್ಣಿಗೆ ಆ ಕಾರುಗಳು ಒರಟಾಗಿ ಕಾಣುತ್ತವೆ, ನಿಜ. ಆದರೂ ಆ ತಿರುವುಗಳಲ್ಲಿ ವೇಗ ಈಗಲೂ ಮೈಗೆ ತಟ್ಟುತ್ತದೆ.

ನಿಜ ಹೇಳುವುದೇ ಶಕ್ತಿಯಾಗುವ ಜಾಗಗಳು

ಕಾರು, ಟ್ಯಾಂಕ್, ಹಡಗು, ರೋಬೋ. ಇವುಗಳ ಆಕಾರ ಬದಲಾಗುವಂತಿಲ್ಲ. ಒಂದು ಟ್ಯಾಂಕ್ ತಿರುಗುತ್ತಿದೆ ಅಂದರೆ ಅದರ ಒಂದೊಂದು ಬೋಲ್ಟ್, ಚೈನಿನ ಒಂದೊಂದು ಕೊಂಡಿ ಸರಿಯಾದ ಕೋನದಲ್ಲಿ ತಿರುಗಬೇಕು. ಕೈಯಲ್ಲಿ ಬರೆಯುವವರಿಗೆ ಇದು ಬೆನ್ನು ಮುರಿಯುವ ಕೆಲಸ, ಕಂಪ್ಯೂಟರಿಗೆ ಸುಲಭ. 2012ರ 'ಗರ್ಲ್ಸ್ ಉಂಡ್ ಪಾಂಜರ್' ಈ ಹಂಚಿಕೆಯನ್ನು ಎಷ್ಟು ಸೊಗಸಾಗಿ ಮಾಡಿದೆ ನೋಡಿ. ಟ್ಯಾಂಕುಗಳು ಸಿಜಿ, ಒಳಗೆ ಕೂತ ಹುಡುಗಿಯರು ಕೈಚಿತ್ರ. ಕಬ್ಬಿಣಕ್ಕೆ ಲೆಕ್ಕ, ಮುಖಕ್ಕೆ ಕೈ.

ಎರಡನೆಯದು ಕ್ಯಾಮೆರಾ. ಕೈಚಿತ್ರದ ಅನಿಮೆಯಲ್ಲಿ ಹಿನ್ನೆಲೆ ಅನ್ನುವುದು ಒಂದೇ ಒಂದು ದೊಡ್ಡ ಚಿತ್ರ. ಅದನ್ನು ಎಡಕ್ಕೋ ಬಲಕ್ಕೋ ಜಾರಿಸಬಹುದು, ಹತ್ತಿರ ತರಬಹುದು. ಕ್ಯಾಮೆರಾ ಒಂದು ಬೀದಿಯೊಳಗೆ ನುಗ್ಗಿ, ಮೂಲೆಯಲ್ಲಿ ತಿರುಗಿ, ಛಾವಣಿಗೆ ಹಾರಬೇಕು ಅಂದರೆ ಆ ಬೀದಿಯನ್ನೇ ಫ್ರೇಮ್ ಫ್ರೇಮಿಗೂ ಹೊಸದಾಗಿ ಬರೆಯಬೇಕು. ಹಿಂದಿನವರು ಅದನ್ನೂ ಮಾಡಿದ್ದಾರೆ, ಆದರೆ ಸಿನಿಮಾಕ್ಕೆ ಒಂದೆರಡು ಕಡೆ ಮಾತ್ರ. 'ಅಟ್ಯಾಕ್ ಆನ್ ಟೈಟನ್'ನಲ್ಲಿ ಯೋಧ ಲೀವೈ ಹಗ್ಗಕ್ಕೆ ಜೋತು ಊರಿನ ನಡುವೆ ಹಾರುವಾಗ ಕ್ಯಾಮೆರಾ ಅವನ ಬೆನ್ನು ಬಿಡುವುದಿಲ್ಲ. ಮನೆಗಳ ಸಾಲು 3ಡಿ, ಲೀವೈ ಕೈಚಿತ್ರ. ಆ ದೃಶ್ಯ ನೋಡಿ ಚಪ್ಪಾಳೆ ಹೊಡೆದವರಲ್ಲಿ ಎಷ್ಟೋ ಜನ ಇನ್ನೊಂದು ಕಡೆ "ನನಗೆ ಸಿಜಿ ಆಗಲ್ಲ" ಅನ್ನುತ್ತಾರೆ. ಚೆನ್ನಾಗಿ ಕೂತ ಸಿಜಿ ಕಣ್ಣಿಗೆ ಬೀಳುವುದಿಲ್ಲ, ಕೆಟ್ಟದ್ದು ಮಾತ್ರ ಬೀಳುತ್ತದೆ. ಹಾಗಾಗಿ ಲೆಕ್ಕಕ್ಕೆ ಸಿಗುವುದೆಲ್ಲ ಕೆಟ್ಟದ್ದೇ. 'ಡೀಮನ್ ಸ್ಲೇಯರ್'ನ ಇನ್ಫಿನಿಟಿ ಕ್ಯಾಸಲ್ ಕೂಡ ಹೀಗೆಯೇ. ಮೇಲು ಕೆಳಗು ಒಂದೂ ಗೊತ್ತಾಗದ, ಕೊನೆಯೇ ಇಲ್ಲದ ಆ ಮರದ ಕೋಣೆಗಳ ನಡುವೆ ಬೀಳುತ್ತಾ ಹೋಗುವ ಅನುಭವ 3ಡಿ ಇಲ್ಲದೆ ಸಿಗುತ್ತಿರಲಿಲ್ಲ.

ಮೂರನೆಯದು, ಎಲ್ಲರೂ ಒಟ್ಟಿಗೆ ಆಡುವ ದೃಶ್ಯ. ಒಂಬತ್ತು ಹುಡುಗಿಯರು ಒಂದೇ ತಾಳಕ್ಕೆ ಕುಣಿಯುವುದನ್ನು ಪ್ರತಿ ವಾರ ಕೈಯಲ್ಲಿ ಬರೆಯಿರಿ ಅಂದರೆ ಸ್ಟುಡಿಯೋ ಬಾಗಿಲು ಹಾಕಬೇಕಾಗುತ್ತದೆ. 2013ರ 'ಲವ್ ಲೈವ್'ನ ಕುಣಿತಗಳಲ್ಲಿ ದೂರದ ನೋಟಕ್ಕೆ ಸಿಜಿ, ಮುಖ ಹತ್ತಿರ ಬಂದಾಗ ಕೈಚಿತ್ರ ಅಂತ ಹೊಂದಿಸಿದ್ದು ಇದಕ್ಕೇ. ಅದರ ನಿರ್ದೇಶಕ ತಕಾಹಿಕೋ ಕ್ಯೋಗೊಕು. ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತಾರೆ.

ಇನ್ನೊಂದು ಲಾಭ ಹೊರಗಿನವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕೈಚಿತ್ರದಲ್ಲಿ ಶಾಟ್ ಮುಗಿದ ಮೇಲೆ "ಕ್ಯಾಮೆರಾ ಸ್ವಲ್ಪ ಕೆಳಗಿರಬೇಕಿತ್ತು" ಅಂತ ನಿರ್ದೇಶಕರಿಗೆ ಅನ್ನಿಸಿದರೆ ಎಲ್ಲ ಮೊದಲಿನಿಂದ ಬರೆಯಬೇಕು. ಸಿಜಿಯಲ್ಲಿ ಕ್ಯಾಮೆರಾ ಸರಿಸಿ ಮತ್ತೆ ನೋಡಬಹುದು. ಹತ್ತು ಸಲ ಬದಲಾಯಿಸಿ ಹನ್ನೊಂದನೆಯದನ್ನು ಇಟ್ಟುಕೊಳ್ಳಬಹುದು. ನಿರ್ದೇಶಕ ಹಿದೆಯಾಕಿ ಆನ್ನೋ ಅವರು 2021ರ ಕೊನೆಯ 'ಇವಾಂಗೆಲಿಯನ್' ಸಿನಿಮಾದಲ್ಲಿ ನಟರನ್ನು ನಿಲ್ಲಿಸಿ ಮೋಶನ್ ಕ್ಯಾಪ್ಚರ್ (ಅವರ ಮೈಚಲನೆಯನ್ನು ಕಂಪ್ಯೂಟರಿಗೆ ಇಳಿಸುವುದು) ಮಾಡಿ, ಯಾವ ಕೋನ ಚೆನ್ನ ಅಂತ ಮೊದಲೇ ಹುಡುಕಿಕೊಂಡದ್ದೂ ಇದೇ ದಾರಿ. ಪರದೆಯ ಮೇಲೆ ಕೊನೆಗೆ ಕಂಡದ್ದು ಎಷ್ಟೋ ಕಡೆ ಕೈಚಿತ್ರ. ಆದರೆ ಆ ಚಿತ್ರ ನಿಂತ ಜಾಗವನ್ನು ಹುಡುಕಿಕೊಟ್ಟದ್ದು ಕಂಪ್ಯೂಟರ್.

ಎಡವುವುದು ಎಲ್ಲಿ?

ಎಲ್ಲಕ್ಕಿಂತ ದೊಡ್ಡ ತೊಡಕು ಮುಖ. ಅನಿಮೆ ಮುಖಕ್ಕೆ ಮೂಗು ಒಂದು ಚುಕ್ಕೆ. ಬಾಯಿ ಒಂದು ಗೆರೆ. ಪಕ್ಕದಿಂದ ನೋಡಿದಾಗ ಬಾಯಿ ಎಷ್ಟೋ ಸಲ ಕೆನ್ನೆಯ ಮೇಲೆ ತೆರೆದುಕೊಂಡಿರುತ್ತದೆ. ಹುಬ್ಬು ಕೂದಲಿನ ಮೇಲಿಂದಲೂ ಕಾಣುತ್ತದೆ. ನಮ್ಮ ತೊಗಲುಗೊಂಬೆಯಲ್ಲೂ ಹೀಗೇ ಅಲ್ವಾ? ಮುಖ ಪಕ್ಕಕ್ಕೆ, ಎದೆ ನಮ್ಮ ಕಡೆಗೆ, ಕಾಲುಗಳು ಮತ್ತೆ ಪಕ್ಕಕ್ಕೆ. ಯಾವ ಭಾಗ ಹೇಗೆ ಕಂಡರೆ ಚೆನ್ನವೋ ಹಾಗೆ ಜೋಡಿಸಿದ್ದು. ಅದನ್ನು ಇದ್ದ ಹಾಗೇ ದುಂಡಗೆ ಕೆತ್ತಿ ಅಂದರೆ ಯಾವ ಬಡಗಿಗೂ ಆಗುವುದಿಲ್ಲ. ಸಿಜಿ ಕಲಾವಿದರ ಮುಂದೆ ಇರುವ ಸವಾಲು ಅದೇ.

ಇದರ ಜೊತೆಗೆ ನೆರಳು. ಕಂಪ್ಯೂಟರ್ ಮಾದರಿಯ ಮೇಲ್ಮೈಯ ಪ್ರತಿ ಚುಕ್ಕೆಗೂ ಅದು ಯಾವ ಕಡೆಗೆ ಮುಖ ಮಾಡಿದೆ ಅನ್ನುವ ಒಂದು ಬಾಣ ಇರುತ್ತದೆ. ಬೆಳಕಿನ ಕಡೆ ಬಾಣ ಇದ್ದರೆ ಅಲ್ಲಿ ಬೆಳಕು, ಇಲ್ಲದಿದ್ದರೆ ನೆರಳು. ಅನಿಮೆಯ ಥರ ಕಾಣಬೇಕು ಅಂತ ನಡುವಿನ ಬಣ್ಣಗಳನ್ನೆಲ್ಲ ತೆಗೆದು, ಒಂದು ಬೆಳಕಿನ ಬಣ್ಣ, ಒಂದು ನೆರಳಿನ ಬಣ್ಣ ಅಂತ ಎರಡೇ ಇಡುತ್ತಾರೆ. ಇದೇ ಸೆಲ್ ಶೇಡಿಂಗ್. ಕೇಳಲು ಸುಲಭ. ಮಾಡಿ ನೋಡಿದರೆ ಮೂಗಿನ ಪಕ್ಕ, ಕೆನ್ನೆಯ ಮೇಲೆ, ತುಟಿಯ ಕೆಳಗೆ ಹರಕು ಹರಕಾದ ನೆರಳಿನ ಕಲೆಗಳು. ಪಾತ್ರ ತಲೆ ತಿರುಗಿಸಿದರೆ ಆ ಕಲೆಗಳು ಮುಖದ ತುಂಬ ಓಡಾಡುತ್ತವೆ. ಕೈಯಲ್ಲಿ ಬರೆಯುವವರು ನೆರಳನ್ನು ಒಂದು ಚೊಕ್ಕ ಆಕಾರವಾಗಿ, ಎಲ್ಲಿ ಚಂದವೋ ಅಲ್ಲಿ ಇಡುತ್ತಾರೆ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದಿಲ್ಲ.

ಇದಕ್ಕೆ ಮದ್ದು ಇದೆ. ಕಲಾವಿದರು ಆ ಬಾಣಗಳನ್ನೇ ಕೈಯಿಂದ ಬಗ್ಗಿಸುತ್ತಾರೆ. ಕೆನ್ನೆ ಉಬ್ಬಿದ್ದರೂ ಅಲ್ಲಿನ ಬಾಣ "ನಾನು ಚಪ್ಪಟೆ" ಅನ್ನಬೇಕು. ಆರ್ಕ್ ಸಿಸ್ಟಮ್ ವರ್ಕ್ಸ್ ಕಂಪನಿ 2014ರ 'ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ' ಗೇಮಿನಲ್ಲಿ ಇದನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ, ಕೈಯಲ್ಲಿ ಬರೆದ ಗೇಮ್ ಅಂತಲೇ ಜನ ನಂಬಿದರು. ಗೆರೆಗೂ ಒಂದು ಉಪಾಯ ಇದೆ. ಅದೇ ಮಾದರಿಯ ಇನ್ನೊಂದು ಪ್ರತಿಯನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿ, ಪೂರ್ತಿ ಕಪ್ಪು ಬಳಿದು, ಒಳಹೊರಗು ತಿರುವಿ ಹಿಂದೆ ಇಡುತ್ತಾರೆ. ಅಂಚಿನಲ್ಲಿ ಇಣುಕುವ ಆ ಕಪ್ಪೇ ನಮಗೆ ಪೆನ್ನಿನ ಗೆರೆಯಾಗಿ ಕಾಣುತ್ತದೆ.

ಇನ್ನು ಚಲನೆಯ ವಿಷಯ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟದ ಭಾಗ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಅನಿಮೆಯವರು 24 ಚಿತ್ರ ಬರೆಯುವುದಿಲ್ಲ. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಮೂರು ಫ್ರೇಮ್ ಹಿಡಿದರೆ ಎಂಟೇ ಸಾಕು. ಟಿವಿ ಅನಿಮೆಯಲ್ಲಿ ಜಾಸ್ತಿ ಕಾಣುವುದು ಈ ಎಂಟು. ಇದು ಶುರುವಾಗಿದ್ದು ದುಡ್ಡು, ಸಮಯ ಎರಡೂ ಇಲ್ಲದ ಕಾರಣಕ್ಕೆ. ಆದರೆ ಅರವತ್ತು ವರ್ಷದಲ್ಲಿ ಅದೇ ಒಂದು ಶೈಲಿಯಾಗಿ ಮಾಗಿದೆ. ಕತ್ತಿ ಎತ್ತಿದ ಭಂಗಿ ಒಂದು ಕ್ಷಣ ನಿಲ್ಲುತ್ತದೆ, ನಡುವಿನದ್ದೆಲ್ಲ ಹಾರಿ ಏಟು ಬಿದ್ದ ಭಂಗಿ ಬರುತ್ತದೆ. ಆ ಹಾರಿದ ಜಾಗವನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ. ಏಟಿನ ಬಿರುಸು ಇರುವುದು ಬರೆಯದೇ ಬಿಟ್ಟ ಚಿತ್ರಗಳಲ್ಲಿ.

ಕಂಪ್ಯೂಟರಿಗೆ ಮೊದಲ ಭಂಗಿ, ಕೊನೆಯ ಭಂಗಿ ಎರಡು ಕೊಟ್ಟರೆ ನಡುವಿನ 22ನ್ನೂ ತಾನೇ ತುಂಬುತ್ತದೆ. ನುಣ್ಣಗೆ, ಒಂದೇ ಸಮನೆ. ಅದೇ ಕಷ್ಟ. ಕೈಯಲ್ಲಿ ಕತ್ತಿ ಇದ್ದರೂ ನೀರಿನೊಳಗೆ ಬೀಸಿದ ಹಾಗೆ ಕಾಣುತ್ತದೆ, ಭಾರವೇ ಇರುವುದಿಲ್ಲ. ಸರಿ, ಫ್ರೇಮ್ ಕಡಿಮೆ ಮಾಡೋಣ ಅಂತ ಮೂರರಲ್ಲಿ ಎರಡನ್ನು ಸುಮ್ನೆ ಕಿತ್ತು ಹಾಕಿದರೆ ಇನ್ನೊಂದು ತಾಪತ್ರಯ. ಉಳಿದ ಫ್ರೇಮುಗಳು ಯಾರೋ ಆರಿಸಿದ ಭಂಗಿಗಳಲ್ಲ, ಸಿಕ್ಕಿದ್ದಷ್ಟೇ. ಆಗ ಚಲನೆ ತಡವರಿಸುತ್ತದೆ. ಮೋಶನ್ ಕ್ಯಾಪ್ಚರ್ ಮಾಡಿ, ಆಮೇಲೆ ಫ್ರೇಮ್ ಉದುರಿಸಿದ ಸರಣಿಗಳಲ್ಲಿ ಈ ತಡವರಿಕೆ ಎದ್ದು ಕಾಣುತ್ತದೆ. ಪಾಲಿಗಾನ್ ಪಿಕ್ಚರ್ಸ್‌ನ 2016ರ 'ಅಜಿನ್' ಕಥೆ ನನಗೆ ತುಂಬ ಹಿಡಿಸಿತ್ತು. ಆದರೂ ಇಬ್ಬರು ನಿಂತು ಮಾತಾಡುವ ದೃಶ್ಯಗಳಲ್ಲಿ ಆ ಸಣ್ಣ ಜರ್ಕ್ ಕಣ್ಣನ್ನು ಕಾಡುತ್ತಲೇ ಇತ್ತು.

ಮುಟ್ಟುವ ದೃಶ್ಯಗಳೂ ಕಷ್ಟ. ಒಬ್ಬಳು ಇನ್ನೊಬ್ಬಳನ್ನು ತಬ್ಬಿಕೊಳ್ಳುತ್ತಾಳೆ ಅಂದುಕೊಳ್ಳಿ. ಕೈಚಿತ್ರದಲ್ಲಿ ಬೆರಳು ಒತ್ತಿದ ಕಡೆ ಬಟ್ಟೆ ಸುಕ್ಕಾಗುವುದನ್ನು ನಾಲ್ಕು ಗೆರೆಯಲ್ಲಿ ಹೇಳಿ ಮುಗಿಸಬಹುದು. ಸಿಜಿಯಲ್ಲಿ ಕೈ ಒಂದು ಮಾದರಿ, ಬಟ್ಟೆ ಇನ್ನೊಂದು, ಕೂದಲು ಮತ್ತೊಂದು. ಒಂದಕ್ಕೆ ಇನ್ನೊಂದು ಇದೆ ಅಂತಲೇ ಗೊತ್ತಿಲ್ಲ. ಬೆರಳು ಬಟ್ಟೆಯೊಳಗೆ ತೂರಿಹೋಗುತ್ತದೆ, ಕೂದಲು ಭುಜದೊಳಗೆ ಹೋಗುತ್ತದೆ. ಪ್ರತಿಯೊಂದನ್ನೂ ಕೂತು ಸರಿ ಮಾಡಬೇಕು. ಕೋಟು ಬಿಚ್ಚಿ ಕುರ್ಚಿಗೆ ಹಾಕುವ ದೃಶ್ಯ ಸಿಜಿ ಅನಿಮೆಯಲ್ಲಿ ಎಷ್ಟು ಅಪರೂಪ ಅಂತ ಗಮನಿಸಿ.

2016ರ 'ಬರ್ಸರ್ಕ್' ಈ ಎಲ್ಲ ತೊಡಕುಗಳೂ ಒಂದೇ ಕಡೆ ಸೇರಿದ ಉದಾಹರಣೆ. ಕೆಂಟಾರೋ ಮಿಯುರಾ ಅವರ ಮೂಲ ಮಾಂಗಾದಲ್ಲಿ (ಜಪಾನಿನ ಕಾಮಿಕ್ಸ್‌ಗೆ ಮಾಂಗಾ ಅನ್ನುತ್ತಾರೆ) ಒಂದೊಂದು ಪುಟವೂ ಸಾವಿರಾರು ಸಣ್ಣ ಗೆರೆಗಳಿಂದ ನೇಯ್ದದ್ದು. ನಾಯಕ ಗಟ್ಸ್‌ನ ಕತ್ತಿ ಅವನಷ್ಟೇ ಎತ್ತರದ ಕಬ್ಬಿಣದ ಹಲಗೆ, ಅದರ ಭಾರವೇ ಅವನ ಪಾತ್ರ. ಸರಣಿಯವರು ಆ ಗೆರೆಗಳನ್ನು ಮಾದರಿಯ ಮೈಮೇಲೆ ಅಂಟಿಸಿದರು. ಗೆರೆ ಬೆಳಕಿನ ಜೊತೆ ಬದಲಾಗದೆ ಚರ್ಮದ ಮೇಲಿನ ಕಲೆಯ ಹಾಗೆ ಕೂತುಬಿಟ್ಟಿತು. ಕತ್ತಿ ಹಗುರಾಯಿತು. ಒಂದೇ ದೃಶ್ಯದಲ್ಲಿ ಗಟ್ಸ್ ಕೈಚಿತ್ರದಿಂದ ಸಿಜಿಗೆ, ಸಿಜಿಯಿಂದ ಕೈಚಿತ್ರಕ್ಕೆ ಜಿಗಿಯುತ್ತಿದ್ದ. ಕ್ಯಾಮೆರಾ ಗಿರಗಿರ ಸುತ್ತುತ್ತಿತ್ತು, ಸುತ್ತಬಹುದು ಅನ್ನುವ ಒಂದೇ ಕಾರಣಕ್ಕೆ. ಅಭಿಮಾನಿಗಳ ಸಿಟ್ಟು ಇವತ್ತಿಗೂ ಇಳಿದಿಲ್ಲ, ಅದರಲ್ಲಿ ತಪ್ಪಿಲ್ಲ. ಬರ್ಸರ್ಕ್ ಓದಿದವರಿಗೆ ಆ ಗೆರೆಗಳು ಎಷ್ಟು ಮುಖ್ಯ ಅಂತ ಗೊತ್ತು.

ಹಯಾವೊ ಮಿಯಾಜಾಕಿ ಅವರ ಸ್ಟುಡಿಯೋ ಗಿಬ್ಲಿಯ ಮೊದಲ ಪೂರ್ತಿ ಸಿಜಿ ಸಿನಿಮಾ, ಗೊರೋ ಮಿಯಾಜಾಕಿ ಅವರ 2020ರ 'ಅರ್ವಿಗ್ ಆ್ಯಂಡ್ ದಿ ವಿಚ್', ಬೇರೆ ದಾರಿಯಲ್ಲಿ ಎಡವಿತು. ಅದು ಗೆರೆಯನ್ನೇ ಬಿಟ್ಟು ಅಮೆರಿಕದ ಸಿಜಿ ಸಿನಿಮಾಗಳ ದುಂಡು ನೋಟದ ಕಡೆ ಹೋಯಿತು. ಆ ನೋಟಕ್ಕೆ ಬೇಕಾದ ಚರ್ಮ, ಕೂದಲು, ಬಟ್ಟೆಯ ನವಿರು ಅಲ್ಲಿ ಇರಲಿಲ್ಲ, ಗಿಬ್ಲಿಯ ಗೆರೆಯೂ ಇರಲಿಲ್ಲ.

ಯಾವ ಕಥೆಗೆ ಸಿಜಿ?

ದುಡ್ಡಿನ ಲೆಕ್ಕ ಇಲ್ಲಿ ಮುಖ್ಯ. "ಸಿಜಿ ಅಂದರೆ ಅಗ್ಗ" ಅನ್ನುವುದು ಅರ್ಧ ಸತ್ಯ. ಕೈಚಿತ್ರದಲ್ಲಿ ಖರ್ಚು ಚಿತ್ರ ಚಿತ್ರಕ್ಕೂ ಬೀಳುತ್ತದೆ. ಅರ್ಧ ಗಂಟೆಯ ಒಂದು ಟಿವಿ ಎಪಿಸೋಡಿಗೆ ಸಾವಿರಾರು ಚಿತ್ರ ಬೇಕು. ಸಿಜಿಯಲ್ಲಿ ಖರ್ಚು ಮೊದಲೇ ಬೀಳುತ್ತದೆ. ಒಂದು ಪಾತ್ರದ ಮಾದರಿ ಕಟ್ಟಿ, ಕೀಲು ಕೂರಿಸಿ, ಮುಖದ ಹಾವಭಾವಗಳನ್ನೆಲ್ಲ ತಯಾರು ಮಾಡುವುದಕ್ಕೆ ತಿಂಗಳುಗಳೇ ಹಿಡಿಯಬಹುದು. ಆಮೇಲೆ ಅದನ್ನು ಎಷ್ಟು ಸಲ ಬೇಕಾದರೂ ಆಡಿಸಬಹುದು. ಹಾಗಾಗಿ ಒಂದೇ ದೃಶ್ಯಕ್ಕೆ ಬಂದು ಹೋಗುವ ಅಂಗಡಿಯವನು ಕೈಚಿತ್ರದಲ್ಲಿ ಬಹಳ ಅಗ್ಗ, ಸಿಜಿಯಲ್ಲಿ ಬಹಳ ದುಬಾರಿ. ನಾಯಕಿ ದಿನಾ ಬಟ್ಟೆ ಬದಲಾಯಿಸಿದರೆ ಕೈಚಿತ್ರದವರು ಹೇಗೋ ನಿಭಾಯಿಸುತ್ತಾರೆ, ಸಿಜಿಯವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಇದನ್ನು ಇಟ್ಟುಕೊಂಡು 2017ರ 'ಲ್ಯಾಂಡ್ ಆಫ್ ದಿ ಲಸ್ಟ್ರಸ್' ನೋಡಿ. ಹರುಕೋ ಇಚಿಕಾವಾ ಅವರ ಮಾಂಗಾ, ಆರೆಂಜ್ ಸ್ಟುಡಿಯೋ, ನಿರ್ದೇಶಕ ಅದೇ ತಕಾಹಿಕೋ ಕ್ಯೋಗೊಕು. ಬಹು ದೂರದ ಭವಿಷ್ಯ. ಒಂದು ದ್ವೀಪದಲ್ಲಿ ರತ್ನಗಳೇ ಮನುಷ್ಯರೂಪ ತಾಳಿ ಬದುಕುತ್ತವೆ. ಅವುಗಳನ್ನು ಆಭರಣ ಮಾಡಿಕೊಳ್ಳಲು ಚಂದ್ರನಿಂದ ಒಂದು ಪಡೆ ಬರುತ್ತದೆ. ಸಿಜಿಗೆ ಇದಕ್ಕಿಂತ ಹೊಂದುವ ಕಥೆ ಸಿಗುವುದು ಕಷ್ಟ. 28 ರತ್ನಗಳಿಗೂ ಹೆಚ್ಚುಕಡಿಮೆ ಒಂದೇ ತೆಳ್ಳನೆ ಮೈಕಟ್ಟು. ಎಲ್ಲರಿಗೂ ಒಂದೇ ಸಮವಸ್ತ್ರ. ಊರಿಲ್ಲ, ಸಂತೆಯಿಲ್ಲ, ದಾರಿಹೋಕರಿಲ್ಲ. ಹುಲ್ಲುಗಾವಲು, ಕಡಲು, ಒಂದು ಶಾಲೆ. ಶತ್ರುಗಳೂ ಒಬ್ಬರಂತೆ ಇನ್ನೊಬ್ಬರು. ಏಟು ಬಿದ್ದರೆ ರಕ್ತ ಬರುವುದಿಲ್ಲ, ಮೈ ಗಾಜಿನ ಹಾಗೆ ಒಡೆದು ಚೂರಾಗುತ್ತದೆ. ಗಟ್ಟಿ ಚೂರುಗಳು ಅಂದರೆ ಕಂಪ್ಯೂಟರಿಗೆ ಹಬ್ಬ.

ಈಗ ನಾಯಕ ಪಾತ್ರ ಫಾಸ್‌ನ ಕೂದಲು ನೋಡಿ. ಪುದೀನದ ತಿಳಿ ಹಸಿರು. ಬೆಳಕು ಅದರೊಳಗೆ ಹೋಗಿ, ಬಾಗಿ, ಇನ್ನೊಂದು ಕಡೆ ಹೊರಗೆ ಬರುತ್ತದೆ. ತಲೆ ಅಲ್ಲಾಡಿಸಿದರೆ ಒಳಗಿನ ಹೊಳಪು ಜಾಗ ಬದಲಾಯಿಸುತ್ತದೆ. ಇದನ್ನು ಪ್ರತಿ ಫ್ರೇಮಿನಲ್ಲೂ ಕೈಯಲ್ಲಿ ಬರೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಅದೇ ಕೂದಲಿನ ಕೆಳಗಿನ ಮುಖ ನೋಡಿ. ಚಪ್ಪಟೆ. ಚುಕ್ಕೆ ಮೂಗು, ಗೆರೆ ಬಾಯಿ, ಚೊಕ್ಕ ನೆರಳು. ಪಕ್ಕಾ ಕೈಚಿತ್ರದ ಸುಳ್ಳು. ಒಂದೇ ತಲೆಯಲ್ಲಿ ಕೂದಲು ಬೆಳಕಿನ ನಿಯಮ ಪಾಲಿಸುತ್ತದೆ, ಮುಖ ಪಾಲಿಸುವುದಿಲ್ಲ. ಎಲ್ಲಿ ನಿಜ, ಎಲ್ಲಿ ಸುಳ್ಳು ಅಂತ ಇಷ್ಟು ಸ್ಪಷ್ಟವಾಗಿ ಗೆರೆ ಎಳೆದ ಇನ್ನೊಂದು ಅನಿಮೆ ನಾನು ನೋಡಿಲ್ಲ. ಮುಂದೆ ಫಾಸ್ ತನ್ನ ಕೈಗಳನ್ನು ಕಳೆದುಕೊಂಡು ಚಿನ್ನದ ಮಿಶ್ರಲೋಹದ ಕೈ ಪಡೆಯುತ್ತದೆ. ಆ ಚಿನ್ನ ಕರಗಿ, ಹರಿದು, ಮೈಯನ್ನೇ ನುಂಗುವಂತೆ ಉಕ್ಕುತ್ತದೆ. ನೋಡಲು ಎಷ್ಟು ಚಂದವೋ ಅಷ್ಟೇ ದುಃಖದ ದೃಶ್ಯ. ಪಾತ್ರದ ಸಂಕಟ ಅದರ ಮೈಯ ವಸ್ತುವಿನಲ್ಲೇ ಕಾಣುತ್ತದೆ, ಮಾತು ಬೇಕಾಗುವುದೇ ಇಲ್ಲ.

ಮಾಪ್ಪಾ ಸ್ಟುಡಿಯೋದ 2020ರ 'ಡೊರೊಹೆಡೊರೊ'ದಲ್ಲೂ ಇಂಥದ್ದೇ ಜಾಣತನ ಇದೆ. ಮುಖ್ಯ ಪಾತ್ರಕ್ಕೆ ಹಲ್ಲಿಯ ತಲೆ, ಉಳಿದವರಲ್ಲಿ ಎಷ್ಟೋ ಜನರಿಗೆ ಮುಖವಾಡ. ಮುಖದ ತೊಡಕು ಅಲ್ಲೇ ಅರ್ಧ ಮುಗಿಯಿತು. ಹಿನ್ನೆಲೆಯ ಕೊಳಕು ಓಣಿಗಳನ್ನು ಕೈಯಲ್ಲಿ ಬರೆದು ಸಿಜಿ ಪಾತ್ರಗಳಿಗೆ ಒಂದು ಊರು ಕೊಟ್ಟರು.

ಅಂಕಣದ ಮೇಲೆ ಹತ್ತು ಜನ

'ಸ್ಲ್ಯಾಮ್ ಡಂಕ್' 1990ರ ದಶಕದ ಬಾಸ್ಕೆಟ್‌ಬಾಲ್ ಮಾಂಗಾ. ಅದರ ಹಳೆಯ ಟಿವಿ ಸರಣಿ ನೋಡಿದವರಿಗೆ ಗೊತ್ತು, ಚೆಂಡು ಇದ್ದವನು ಓಡುತ್ತಿರುತ್ತಾನೆ, ಉಳಿದವರು ಹೆಚ್ಚಿನ ಹೊತ್ತು ನಿಂತಿರುತ್ತಾರೆ. ಅಂಕಣ ಎಷ್ಟು ಉದ್ದವೋ ಮುಗಿಯುವುದೇ ಇಲ್ಲ. ಬೇರೆ ದಾರಿಯೂ ಇರಲಿಲ್ಲ. ಹತ್ತು ಜನ ಒಟ್ಟಿಗೆ ಓಡುವುದನ್ನು ವಾರ ವಾರ ಬರೆಯಲು ಆಗದು.

2022ರ ಡಿಸೆಂಬರಿನಲ್ಲಿ ಮಾಂಗಾದ ಲೇಖಕ ತಕೇಹಿಕೋ ಇನೂಯೆ ಅವರೇ ಬರೆದು ನಿರ್ದೇಶಿಸಿದ 'ದಿ ಫಸ್ಟ್ ಸ್ಲ್ಯಾಮ್ ಡಂಕ್' ಬಂತು. ಸಿಜಿ ಅಂತ ಗೊತ್ತಾದಾಗ ಹಳೆಯ ಅಭಿಮಾನಿಗಳು ಸಿಟ್ಟಾಗಿದ್ದರು. ಸಿನಿಮಾ ಬಂದ ಮೇಲೆ ಮಾತು ಬದಲಾಯಿತು. ಜಪಾನಿನಲ್ಲೇ 1,500 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು.

ನಿಜವಾದ ಆಟಗಾರರನ್ನು ಆಡಿಸಿ ಮೋಶನ್ ಕ್ಯಾಪ್ಚರ್ ಮಾಡಿದ್ದರಿಂದ ಹತ್ತೂ ಜನ ಸದಾ ಆಟದಲ್ಲಿರುತ್ತಾರೆ. ಚೆಂಡು ಇಲ್ಲದವನು ಎದುರಾಳಿಯನ್ನು ತಡೆಯಲು ಅಡ್ಡ ನಿಲ್ಲುತ್ತಾನೆ, ಇನ್ನೊಬ್ಬ ಜಾಗ ಹುಡುಕಿ ಓಡುತ್ತಾನೆ, ದೂರದಲ್ಲಿ ಒಬ್ಬ ಮಂಡಿಗೆ ಕೈ ಊರಿ ಉಸಿರು ತೆಗೆದುಕೊಳ್ಳುತ್ತಾನೆ. ಅಂಕಣ ತನ್ನ ನಿಜವಾದ ಅಳತೆಗೆ ಬಂದಿದೆ. ಆಟ ಆಟದ ಹಾಗೆ ಕಾಣುತ್ತದೆ. ಇದು ಸಿಜಿ ಹೇಳಿದ ನಿಜ. ಆದರೆ ಮುಖಗಳ ವಿಷಯಕ್ಕೆ ಬಂದಾಗ ಇನೂಯೆ ಯಂತ್ರವನ್ನು ನಂಬಲಿಲ್ಲ. ಸಿಜಿ ಚಿತ್ರಗಳ ಮೇಲೆ ತಾವೇ ಗೆರೆ ಎಳೆದು ತಿದ್ದಿದರು. ಹುಬ್ಬು ಹೀಗಿರಲಿ, ತುಟಿ ಹೀಗಿರಲಿ ಅಂತ. ತಂಡದವರು ಆ ಗೆರೆಗೆ ತಕ್ಕಂತೆ ಮಾದರಿಯನ್ನು ಬಗ್ಗಿಸಿದರು. ಆಟದ ಕೊನೆಯ ಕ್ಷಣಗಳಲ್ಲಿ ಸದ್ದು ನಿಲ್ಲುತ್ತದೆ. ಅಲ್ಲಿಗೆ ಬರುವಾಗ ಪರದೆಯ ಮೇಲೆ ಇರುವುದು ಮತ್ತೆ ಪೆನ್ಸಿಲಿನ ಗೆರೆ. ಅಷ್ಟು ಹೊತ್ತು ಹತ್ತು ಜನರ ನಿಜವಾದ ಓಟ ನೋಡಿದ್ದರಿಂದಲೇ ಆ ಗೆರೆಗಳಿಗೆ ಅಷ್ಟು ತೂಕ ಬಂದದ್ದು.

ಬರೆಯುವ ಕೈಗಳಿಗೆ ಏನಾಗುತ್ತದೆ?

ಈ ಪ್ರಶ್ನೆ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಜಪಾನಿನಲ್ಲಿ ನಡುವಿನ ಚಿತ್ರ ಬರೆಯುವ ಕಿರಿಯರಿಗೆ ಚಿತ್ರಕ್ಕಿಷ್ಟು ಅಂತ ಸಂಬಳ, ಅದೂ ಬಹಳ ಕಡಿಮೆ. ಎಷ್ಟೋ ಜನ ಕೆಲವೇ ವರ್ಷದಲ್ಲಿ ಬಿಟ್ಟು ಹೋಗುತ್ತಾರೆ. ಆ ದುಡಿಮೆಯ ಒಂದು ಪಾಲನ್ನಾದರೂ ಸಿಜಿ ಹೊರುತ್ತದೆ ಅಂದರೆ ನಾನು ಬೇಡ ಅನ್ನುವುದಿಲ್ಲ. ಆದರೆ ಆ ಕಿರಿಯರೇ ನಾಳೆಯ ಹಿರಿಯ ಆ್ಯನಿಮೇಟರ್‌ಗಳು. ಎಲ್ಲಿ ಚಿತ್ರ ಬಿಡಬೇಕು, ಎಲ್ಲಿ ಕೈ ಉದ್ದ ಮಾಡಬೇಕು ಅನ್ನುವುದನ್ನು ಅವರು ಕಲಿಯುವುದು ಅದೇ ಮೇಜಿನ ಮುಂದೆ. ಒಳ್ಳೆಯ ಸಿಜಿ ಅನಿಮೆಗೆ ಬೇಕಾದ ವಿದ್ಯೆಯೂ ಅದೇ. ಬಾಣ ಬಗ್ಗಿಸುವವರಿಗೆ ಚೊಕ್ಕ ನೆರಳು ಹೇಗಿರುತ್ತದೆ ಅಂತ ಗೊತ್ತಿರಬೇಕಲ್ಲ. ಇನೂಯೆ ತಿದ್ದಿದ್ದು ಮೂರು ದಶಕ ಪೆನ್ನು ಹಿಡಿದ ಕೈಯಿಂದ. ಕೈಚಿತ್ರ ಕಲಿಸುವ ಜಾಗಗಳನ್ನು ಮುಚ್ಚಿ ಸಿಜಿ ಮಾತ್ರ ಉಳಿಸಿಕೊಂಡರೆ ಆ ಸಿಜಿಯೂ ಬಡವಾಗುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಒಳ್ಳೆಯ ಸುದ್ದಿಯೂ ಇದೆ. ಇವಾಂಗೆಲಿಯನ್ ಮಾಡುವ ಸ್ಟುಡಿಯೋ ಖಾರಾ 2019ರಲ್ಲಿ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಕಡೆಗೆ ಬರುವುದಾಗಿ ಹೇಳಿತು. ಬ್ಲೆಂಡರ್ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ 3ಡಿ ಮಾದರಿಯ ಮೇಲೇ ಪೆನ್ನಿನಿಂದ ಗೆರೆ ಎಳೆಯುವ ಸೌಲಭ್ಯವೂ ಇದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಚಿತ್ರ ಬರೆಯುವ ಹುಚ್ಚಿರುವ ಹುಡುಗ ಹುಡುಗಿಯರಿಗೆ ದೊಡ್ಡ ಸ್ಟುಡಿಯೋದವರ ಸಾಧನವೇ ಕೈಗೆ ಸಿಕ್ಕಿದೆ.

ಸಿಜಿ ಅಂದರೆ ದೂರ ಹೋಗುವ ಗೆಳೆಯರಿದ್ದರೆ ಅವರಿಗೆ 'ಲ್ಯಾಂಡ್ ಆಫ್ ದಿ ಲಸ್ಟ್ರಸ್' ಮೊದಲು ತೋರಿಸಿ, ಒಟ್ಟು 12 ಎಪಿಸೋಡ್ ಅಷ್ಟೇ. 10ನೇ ಎಪಿಸೋಡಿನಲ್ಲಿ ಡೈಮಂಡ್ ಅನ್ನುವ ರತ್ನ ಶಾಲೆಯ ಕಂಬಗಳ ನಡುವೆ ಒಂಟಿಯಾಗಿ ಓಡುವ ದೃಶ್ಯ ಬಂದಾಗ ಒಮ್ಮೆ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ತಳ್ಳಿ ನೋಡಿ. ಕಂಬಗಳು ಪ್ರತಿ ಫ್ರೇಮಿಗೂ ಸರಿಯುತ್ತವೆಯೇ? ಡೈಮಂಡ್‌ನ ಭಂಗಿ ಎಷ್ಟು ಫ್ರೇಮಿಗೊಮ್ಮೆ ಬದಲಾಗುತ್ತದೆ? ಆಮೇಲೆ 'ದಿ ಫಸ್ಟ್ ಸ್ಲ್ಯಾಮ್ ಡಂಕ್'. ಅದನ್ನು ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ, ಮತ್ತು ಒಂದು ಸಲವಾದರೂ ಚೆಂಡನ್ನು ಬಿಟ್ಟು ಉಳಿದವರ ಕಾಲುಗಳನ್ನು ಗಮನಿಸಿ.